ಒಂದು ಗೆಡ್ಡೆಗೆ ಹಲವು ವೈದ್ಯರು

ಹಾಲ್ಕುರಿಕೆಯ ಕಡೆಯವರು ಹೊಟ್ಟೆನೋವೆಂದು ತಿಪಟೂರಿಗೆ ಹೋದರೆ ಗ್ಯಾಸ್ಟ್ರಿಕ್ ಮಾತ್ರೆ ಬರೆಸಿಕೊಂಡು ಬರುತ್ತಾರೆ. ಬಹುತೇಕರಿಗೆ ಅಷ್ಟೇ ಸಾಕು. ಆದರೆ ತಿಂಗಳುಗಟ್ಟಲೆ ನಿಲ್ಲದ ಭೇದಿ, ಇದ್ದಕ್ಕಿದ್ದಂತೆ ಕೆಂಪೇರುವ ಮುಖ, ವಾಸಿಯಾಗಿ ಮತ್ತೆ ಮರಳುವ ಹುಣ್ಣು, ಊಟ ತಡವಾದರೆ ಸಕ್ಕರೆ ಇಳಿದು ತಪ್ಪುವ ಪ್ರಜ್ಞೆ, ಇವುಗಳ ಹಿಂದೆ ಅಪರೂಪಕ್ಕೆ ನ್ಯೂರೋಎಂಡೋಕ್ರೈನ್ ಗೆಡ್ಡೆ ಇರುವುದುಂಟು. ಜಠರ, ಕರುಳು, ಮೇದೋಜೀರಕ ಗ್ರಂಥಿಗಳಲ್ಲಿ ಹಾರ್ಮೋನ್ ಒಸರುವ ಕೋಶಗಳಿಂದ ಹುಟ್ಟುವ ಗೆಡ್ಡೆ ಇದು. 2018ರಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಗೆಡ್ಡೆ ಇದೆಯೆಂದು ತಿಳಿಸಿದಾಗ ಹಲವರು ಈ ಹೆಸರನ್ನು ಮೊದಲ ಬಾರಿಗೆ ಕೇಳಿದರು.

1907ರಲ್ಲಿ ಈ ಗೆಡ್ಡೆಯನ್ನು ವಿವರಿಸಿದ ಜರ್ಮನಿಯ ವೈದ್ಯ ಓಬರ್ನ್‌ಡಾರ್ಫರ್ ಇದರಿಂದ ಅಪಾಯವಿಲ್ಲ ಎಂದಿದ್ದರು. 1929ರಲ್ಲಿ ಅವರೇ ಅದನ್ನು ತಿದ್ದಿದರು. ನಿಧಾನವಾಗಿ ಬೆಳೆಯುವ ಇದರ ಗುಣವೇ ಮೋಸದ್ದು; ಒಬ್ಬ ವೈದ್ಯರ ಅಂದಾಜು ಸಾಲದು. ಹಾಗಾಗಿಯೇ ಟ್ಯೂಮರ್ ಬೋರ್ಡ್ ಬೇಕು: ಬೇರೆಬೇರೆ ವಿಭಾಗದ ವೈದ್ಯರು ಒಟ್ಟಿಗೆ ಕೂತು ಒಬ್ಬ ರೋಗಿಯ ಬಗ್ಗೆ ತೀರ್ಮಾನಿಸುವ ಸಭೆ.

ಅಲ್ಲಿ ಮೊದಲ ಮಾತು ಪೆಥಾಲಜಿಸ್ಟ್‌ರದು. ಬೆಳೆಯುತ್ತಿರುವ ಕೋಶಗಳ ಪ್ರಮಾಣ ಹೇಳುವ ಕೆಐ-67 ಶೇ 3ಕ್ಕಿಂತ ಕಡಿಮೆಯಿದ್ದರೆ ಚಿಕಿತ್ಸೆಗೆ ಒಂದು ದಾರಿ, ಶೇ 20 ದಾಟಿದರೆ ಬೇರೆಯೇ ದಾರಿ. ಅಪೆಂಡಿಕ್ಸ್‌ನಲ್ಲಿ ಗೆಡ್ಡೆ ಒಂದು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಅಪೆಂಡಿಕ್ಸ್ ತೆಗೆದರೆ ಸಾಮಾನ್ಯವಾಗಿ ಮುಗಿಯಿತು. ಯಕೃತ್ತಿಗೆ ಹಬ್ಬಿದ್ದರೂ ಕೈಚೆಲ್ಲಬೇಕಾಗಿಲ್ಲ. ನಾಲ್ಕು ವಾರಕ್ಕೊಮ್ಮೆ ಕೊಡುವ ಆಕ್ಟ್ರಿಯೋಟೈಡ್ ಚುಚ್ಚುಮದ್ದು ಹಾರ್ಮೋನಿನ ಹಾವಳಿಯನ್ನು ತಗ್ಗಿಸುತ್ತದೆ. ಹಾರ್ಮೋನ್ ಸುರಿಸುವ ಗೆಡ್ಡೆಯಾದರೆ ಅರಿವಳಿಕೆ ತಜ್ಞರಿಗೂ ಮುಂಚೆಯೇ ತಿಳಿದಿರಬೇಕು. ಆಪರೇಷನ್ ನಡುವೆ ರಕ್ತದೊತ್ತಡ ಹಠಾತ್ತನೆ ಕುಸಿಯಬಹುದು.

ನನಗೆ ಅತಿ ವಿಸ್ಮಯವೆನಿಸುವುದು ನ್ಯೂಕ್ಲಿಯರ್ ಮೆಡಿಸಿನ್‌ನವರ ಕೆಲಸ. ಗೆಡ್ಡೆಯ ಕೋಶಗಳ ಮೇಲಿನ ಗ್ರಾಹಿಗಳಿಗೆ ಅಂಟುವ ಅಣುವಿಗೆ ಗ್ಯಾಲಿಯಂ-68 ಕಟ್ಟಿದರೆ ಪೆಟ್ ಸ್ಕ್ಯಾನ್‌ನಲ್ಲಿ ಗೆಡ್ಡೆ ಬೆಳಗುತ್ತದೆ. ಅದೇ ಬಗೆಯ ಅಣುವಿಗೆ ಲುಟೀಷಿಯಂ-177 ಕಟ್ಟಿದರೆ ವಿಕಿರಣವು ಗೆಡ್ಡೆಯನ್ನೇ ಹುಡುಕಿಹೋಗಿ ಸುಡುತ್ತದೆ. ವಾಡಿಕೆಯಲ್ಲಿ ಎಂಟು ವಾರದ ಅಂತರದಲ್ಲಿ ನಾಲ್ಕು ಸಲ ಕೊಡುತ್ತಾರೆ. ಈ ಲುಟೀಷಿಯಂ ನಮ್ಮ ಟ್ರಾಂಬೆಯ ಧ್ರುವ ರಿಯಾಕ್ಟರ್‌ನಲ್ಲೂ ತಯಾರಾಗುತ್ತದೆ.

ಇಂಥ ಚಿಕಿತ್ಸೆಗೆ ಹೋಗುವುದಾದರೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ದೊಡ್ಡ ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳೂ ಇವೆ. ತಿಪಟೂರಿನಲ್ಲಿ ರೈಲು ಹತ್ತುವಾಗ ಬಯಾಪ್ಸಿಯ ವರದಿಯೊಂದನ್ನೇ ಒಯ್ಯಬೇಡಿ. ಮೇಣದಲ್ಲಿ ಹುದುಗಿಸಿಟ್ಟ ತುಣುಕನ್ನು, ಅಂದರೆ ‘ಬ್ಲಾಕ್’ ಅನ್ನು, ಲ್ಯಾಬಿನಿಂದ ಕೇಳಿ ಪಡೆಯಿರಿ. ಹಳೆಯ ಸ್ಕ್ಯಾನ್‌ಗಳ ಸಿಡಿಯನ್ನೂ ಜೊತೆಗಿಟ್ಟುಕೊಳ್ಳಿ. ‘ನಮ್ಮ ಕೇಸನ್ನು ಬೋರ್ಡ್‌ನಲ್ಲಿ ಇಡ್ತೀರಾ ಡಾಕ್ಟ್ರೇ?’ ಎಂದು ಸಂಕೋಚವಿಲ್ಲದೆ ಕೇಳಿ.