ಟಿಕಾಲ್‌ಗೆ ಕಾಡಿನ ಕಾವಲಿತ್ತು, ಮನ್ನೆಗೆ ಯಾರಿದ್ದಾರೆ?

ಸೋಂಪುರ ಅಂದ್ರೆ ಈಗ ನೆನಪಾಗೋದು ಕೈಗಾರಿಕಾ ಪ್ರದೇಶ, ದಾಬಸ್‌ಪೇಟೆ ಹೆದ್ದಾರಿ, ಲಾರಿಗಳ ಸಾಲು. ಅದೇ ನೆಲಮಂಗಲ ತಾಲೂಕಿನ ಪಕ್ಕದ ತ್ಯಾಮಗೊಂಡ್ಲು ಹೋಬಳಿಯಲ್ಲಿ ಮನ್ನೆ ಅನ್ನೋ ಊರಿದೆ. ಶಾಸನಗಳಲ್ಲಿ ಇದರ ಹೆಸರು ಮಾನ್ಯಪುರ. ಎಂಟನೇ ಶತಮಾನದಲ್ಲಿ ಗಂಗರ ದೊರೆ ಶ್ರೀಪುರುಷ ಆಳಿದ್ದು ಇಲ್ಲಿಂದ. ಕೋಲಾರ, ತಲಕಾಡಿನ ಜೊತೆ ಹೇಳಬೇಕಾದ ಹೆಸರು ಇದು.

ಅದೇ ಕಾಲದಲ್ಲಿ ಭೂಮಿಯ ಇನ್ನೊಂದು ಬದಿಯಲ್ಲಿ, ಇಂದಿನ ಗ್ವಾಟೆಮಾಲಾದಲ್ಲಿ, ಮಾಯಾ ಜನರ ಟಿಕಾಲ್ ನಗರ ತನ್ನ ಎತ್ತರದ ಗುಡಿಗಳನ್ನು ಕಟ್ಟಿಕೊಳ್ಳುತ್ತಿತ್ತು. ಅಲ್ಲಿ ಸಿಕ್ಕಿರುವ ಕೊನೆಯ ತೇದಿಯುಳ್ಳ ಶಿಲಾಸ್ತಂಭ ಕ್ರಿ.ಶ. 869ರದ್ದು. ಆಮೇಲೆ ಜನ ಊರು ಬಿಟ್ಟರು, ಕಾಡು ಬಂತು. ಇವತ್ತು ಜಗತ್ತಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಹೋಗ್ತಾರೆ. ಯುನೆಸ್ಕೋ 1979ರಲ್ಲೇ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನ್ನೆಗೆ ಹೋಗೋರು ಎಷ್ಟು ಮಂದಿ ಹೇಳಿ?

ವ್ಯತ್ಯಾಸ ಬರೀ ಪ್ರಚಾರದ್ದಲ್ಲ. ಕಾಡಿನ ಬೇರು ಕಲ್ಲನ್ನು ಸೀಳುತ್ತೆ, ನಿಜ. ಆದ್ರೆ ಕಾಡು ನೇಗಿಲು ಹೂಡಲ್ಲ, ಲೇಔಟ್ ಮಾಡಲ್ಲ. ಮನ್ನೆಯಂಥ ಊರಿನ ಕಥೆ ಬೇರೆ. ಜನ ಬದುಕುತ್ತಲೇ ಬಂದ ಕಡೆ ಹಳೇ ಕಲ್ಲು ಹೊಸ ಗೋಡೆಗೆ ಹೋಗುತ್ತೆ, ದಿಬ್ಬ ಹೊಲವಾಗುತ್ತೆ. ಅದು ಯಾರ ತಪ್ಪೂ ಅಲ್ಲ. ಬದುಕು ನಡೆಯೋದೇ ಹಾಗೆ.

ಕಾಡಿನೊಳಗಿನ ಮಾಯಾ ಊರುಗಳನ್ನು ಈಗ ಪತ್ತೆ ಹಚ್ಚುತ್ತಿರೋದು ಲೈಡಾರ್. ಎಂಜಿನಿಯರಿಂಗ್ ಓದಿದವನಾಗಿ ನನಗೆ ಇದರ ಸರಳತೆ ಇಷ್ಟ. ವಿಮಾನದಿಂದ ಲೇಸರ್ ಮಿಡಿತಗಳನ್ನು ಕೆಳಗೆ ಬಿಡ್ತಾರೆ. ಬಹುಪಾಲು ಎಲೆಗೆ ಬಡಿದು ಮರಳುತ್ತವೆ, ಕೆಲವು ಸಂದಿಯಲ್ಲಿ ನುಸುಳಿ ನೆಲ ಮುಟ್ಟುತ್ತವೆ. ಹೋಗಿ ಬರಲು ಹಿಡಿದ ಸಮಯವೇ ದೂರದ ಅಳತೆ. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂ.ಮೀ. ಸಾಗುತ್ತೆ. ಹೋಗಿ ಬರೋ ಲೆಕ್ಕದಲ್ಲಿ ಅದು 15 ಸೆಂ.ಮೀ. ದೂರ. ಎಲೆಗೆ ತಾಗಿದ ಬಿಂದುಗಳನ್ನು ಕಂಪ್ಯೂಟರ್ ತೆಗೆದುಹಾಕಿದರೆ ಬರಿಯ ನೆಲದ ನಕ್ಷೆ ಉಳಿಯುತ್ತೆ. 2016ರಲ್ಲಿ ಉತ್ತರ ಗ್ವಾಟೆಮಾಲಾದ 2,100 ಚದರ ಕಿ.ಮೀ.ಗೂ ಹೆಚ್ಚು ಪ್ರದೇಶವನ್ನು ಹೀಗೆ ಅಳೆದಾಗ 60 ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿತು.

ಆದ್ರೆ ಲೈಡಾರ್‌ಗೆ ಒಂದು ಮಿತಿ ಇದೆ. ಅದು ಕಾಣೋದು ನೆಲದ ಮೇಲ್ಮೈಯನ್ನು ಮಾತ್ರ. ದಿಬ್ಬ ಇದ್ದರೆ ದಿಬ್ಬ ತೋರಿಸುತ್ತೆ, ಜೆಸಿಬಿ ಸಮ ಮಾಡಿದ ಮೇಲೆ ಸಮತಟ್ಟು ನೆಲವನ್ನಷ್ಟೇ ತೋರಿಸುತ್ತೆ. ಕಾಡಿನೊಳಗಿನ ಟಿಕಾಲ್ ಕಾಯಬಲ್ಲದು, ರಸ್ತೆ ಬದಿಯ ನೆಲ ಕಾಯಲ್ಲ.

ಮನ್ನೆಯಲ್ಲಿ ಹುಡುಕೋಕೆ ಏನಿದೆ ಅಂತ ಕೇಳಬಹುದು. ಕೆತ್ತನೆಯ ಬಾಗಿಲವಾಡದ ಕಪಿಲೇಶ್ವರ ಗುಡಿಯನ್ನು ಕಣ್ಣಾರೆ ನೋಡಬಹುದು. ಇಲ್ಲಿ ದೊರೆತ 797ರ ತಾಮ್ರಶಾಸನ, ಗಂಗ ಮಾರಸಿಂಹನ ದಂಡನಾಯಕ ಶ್ರೀವಿಜಯ ಮಾನ್ಯಪುರದಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಹೇಳುತ್ತೆ. 802ರ ಇನ್ನೊಂದು ಶಾಸನ ರಾಷ್ಟ್ರಕೂಟರ ಕಾಲದ್ದು, ಅದೇ ಬಸದಿಗೆ ಕೊಟ್ಟ ದತ್ತಿಯದ್ದು. ಬಿ.ಎಲ್. ರೈಸ್ ಇವನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಪ್ರಕಟಿಸಿದರು. ಐದು ವರ್ಷದ ಅಂತರದಲ್ಲಿ ರಾಜ್ಯದ ಹಿಡಿತವೇ ಬದಲಾದರೂ ಬಸದಿಗೆ ದಾನ ನಿಲ್ಲಲಿಲ್ಲ. ರಾಜಧಾನಿ ಅಂದಮೇಲೆ ಗುಡಿ, ಬಸದಿ ಮಾತ್ರ ಇರಲ್ಲ. ಕೇರಿ, ಕೆರೆ, ದಾರಿ, ಕುಂಬಾರರ ಆವಿಗೆ ಎಲ್ಲ ಇರುತ್ತೆ.

ಕಾನೂನು ಇಲ್ಲವೇ? ಇದೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಅಂತ 2010ರ ತಿದ್ದುಪಡಿ ಹೇಳುತ್ತೆ. ಆದ್ರೆ ಇದು ಪಟ್ಟಿಯಲ್ಲಿರುವ ಸ್ಮಾರಕಕ್ಕೆ ಮಾತ್ರ. ಯಾರೂ ಇನ್ನೂ ಗುರುತಿಸದ ದಿಬ್ಬಕ್ಕೆ ಯಾವ ಮೀಟರ್ ಅಳೀತೀರಿ?

ಹಾಗಂತ ಕಾರ್ಖಾನೆ ಬೇಡ ಅನ್ನೋ ವಾದ ನನ್ನದಲ್ಲ. ನೆಲಮಂಗಲದ ಹುಡುಗರಿಗೂ ಕೆಲಸ ಬೇಕು. ಕೇಳ್ತಿರೋದು ಇಷ್ಟೇ: ಭೂಸ್ವಾಧೀನಕ್ಕೆ ಮೊದಲು ಮಣ್ಣು ಪರೀಕ್ಷೆ, ಸರ್ವೆ ಮಾಡ್ತೀವಲ್ಲ, ಅದರ ಜೊತೆಗೇ ಒಂದು ಡ್ರೋನ್ ಸರ್ವೆ ಮಾಡಿಸಿ, ಆ ನಕ್ಷೆಯನ್ನು ಪುರಾತತ್ವ ಇಲಾಖೆಯವರು ನೋಡಲಿ. ಅನುಮಾನ ಬಂದ ಜಾಗ ಬಿಟ್ಟು ಉಳಿದದ್ದನ್ನು ಬಳಸಿ. ಜೆಸಿಬಿ ಬಂದ ಮೇಲೆ ಈ ಕೆಲಸ ಮಾಡೋಕಾಗಲ್ಲ.