ಡಿಸ್ಕ್ ಸುಳ್ಳು ಹೇಳಿದರೆ ಯಾರಿಗೆ ಗೊತ್ತಾಗಬೇಕು?

16 ಟೆರಾಬೈಟಿನ ಹಾರ್ಡ್ ಡಿಸ್ಕೊಂದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ ಮುಗಿಸಲು ಎಷ್ಟು ಹೊತ್ತು ಬೇಕು? ಸೆಕೆಂಡಿಗೆ 200 ಮೆಗಾಬೈಟ್ ಎಂದಿಟ್ಟುಕೊಂಡರೂ 80,000 ಸೆಕೆಂಡು, ಅಂದರೆ 22 ಗಂಟೆಗೂ ಮಿಕ್ಕಿ. ಇಂಥ ನಾಲ್ಕೈದು ಡಿಸ್ಕ್ ಜೋಡಿಸಿ ಮನೆಯಲ್ಲೇ ಸರ್ವರ್ ಕಟ್ಟಿ, ಫೋಟೊ, ಸಿನಿಮಾ, ಹಳೇ ಕಾಗದಪತ್ರಗಳ ಸ್ಕ್ಯಾನು ಎಲ್ಲವನ್ನೂ ತುಂಬಿಡುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ಫೈಲ್ ಸಿಸ್ಟಮ್ ಜೋರಾಗಿ ಓಡುತ್ತದೆ ಎಂದು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮನೆಗಳಲ್ಲಿ ಹೆಚ್ಚಾಗಿ ಇರುವ ಒಂದು ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ 125 ಮೆಗಾಬೈಟಿಗಿಂತ ಹೆಚ್ಚು ಸಾಗಿಸಲಾರದು. ದೊಡ್ಡ ಫೈಲುಗಳಾದರೆ ಒಂದೇ ಡಿಸ್ಕ್ ಅದನ್ನು ತುಂಬಿಸುತ್ತದೆ. ಗಾತ್ರದ ಚಿಂತೆಯೂ ಬೇಡ. ಲಿನಕ್ಸಿನ ಮಾಮೂಲಿ ಇಎಕ್ಸ್‌ಟಿ4 ಕೂಡ 1 ಎಕ್ಸಾಬೈಟ್‌ವರೆಗೆ, ಅಂದರೆ ಸುಮಾರು ಹತ್ತು ಲಕ್ಷ ಟೆರಾಬೈಟ್‌ವರೆಗೆ ಹೋಗಬಲ್ಲದು.

ಕೇಳಬೇಕಾದ್ದು ಬೇರೆ. ನಾವು ಕೊಟ್ಟದ್ದನ್ನು ಡಿಸ್ಕ್ ತಪ್ಪಾಗಿ ವಾಪಸು ಕೊಟ್ಟರೆ, ಅದು ತಪ್ಪೆಂದು ಹೇಳುವವರು ಯಾರು?

ಡಿಸ್ಕಿಗೆ ಫೈಲು, ಫೋಲ್ಡರು ಗೊತ್ತಿಲ್ಲ. ನಂಬರು ಹಾಕಿದ ಖಾನೆಗಳಷ್ಟೇ ಗೊತ್ತು. ಯಾವ ಫೋಟೊ ಯಾವ ಖಾನೆಯಲ್ಲಿದೆ ಎಂಬ ಲೆಕ್ಕವೆಲ್ಲ ಫೈಲ್ ಸಿಸ್ಟಮ್‌ನದು. ಉಗ್ರಾಣದ ಲೆಕ್ಕ ಬರೆಯುವ ಶ್ಯಾನುಭೋಗ ಇದ್ದಂತೆ. ಪ್ರತಿ ಖಾನೆಯ ಜೊತೆ ಡಿಸ್ಕು ತನ್ನದೇ ದೋಷ ತಿದ್ದುವ ಸಂಕೇತವನ್ನೂ ಬರೆದಿಡುತ್ತದೆ. ಖಾನೆ ಹಾಳಾಗಿ ತಿದ್ದಲು ಬಾರದಿದ್ದರೆ 'ಓದಲಾಗಲಿಲ್ಲ' ಎಂದು ಒಪ್ಪಿಕೊಳ್ಳುತ್ತದೆ. ಇದು ಪ್ರಾಮಾಣಿಕ ವೈಫಲ್ಯ, ಇದರ ಭಯವಿಲ್ಲ. ಭಯವಿರುವುದು ಇನ್ನೊಂದು ಬಗೆಯದರ ಬಗ್ಗೆ. ಡಿಸ್ಕಿನೊಳಗಿನ ತಂತ್ರಾಂಶದ ದೋಷದಿಂದ ಒಂದು ಬರಹ ಪಕ್ಕದ ಖಾನೆಗೆ ಬೀಳಬಹುದು. ಬರೆಯದೆಯೇ 'ಬರೆದಾಯಿತು' ಎಂಬ ಉತ್ತರ ಬರಬಹುದು. ಕೇಬಲ್ಲಿನಲ್ಲೋ ಕಂಟ್ರೋಲರಿನಲ್ಲೋ ಬಿಟ್ಟೊಂದು ತಿರುಗಬಹುದು. ಆಗ ಖಾನೆಯಲ್ಲಿರುವುದು ಡಿಸ್ಕಿನ ದೃಷ್ಟಿಯಲ್ಲಿ ಸರಿಯಾದ ಮಾಹಿತಿಯೇ. ಅದು ನಮ್ಮ ಮಾಹಿತಿಯಲ್ಲ, ಅಷ್ಟೆ.

ಇದೆಲ್ಲ ಬರೀ ಊಹೆಯಲ್ಲ. ಲಕ್ಷ್ಮಿ ಬೈರವಸುಂದರಂ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನ 15.3 ಲಕ್ಷ ಡಿಸ್ಕುಗಳ 41 ತಿಂಗಳ ದಾಖಲೆಗಳನ್ನು ಜಾಲಾಡಿತು. ಓದಿದ ಮಾಹಿತಿ ಅದರ ಚೆಕ್‌ಸಮ್‌ಗೆ, ಅಂದರೆ ಬರೆಯುವಾಗ ಲೆಕ್ಕ ಹಾಕಿಟ್ಟ ತಾಳೆಸಂಖ್ಯೆಗೆ, ಹೊಂದದ ಪ್ರಕರಣಗಳು 4 ಲಕ್ಷಕ್ಕೂ ಮಿಕ್ಕಿ ಸಿಕ್ಕವು. ದುಬಾರಿ ಎಂಟರ್‌ಪ್ರೈಸ್ ಡಿಸ್ಕುಗಳಿಗಿಂತ ಅಗ್ಗದ, ಮನೆಬಳಕೆಗೆ ಹತ್ತಿರದ ಮಾದರಿಗಳಲ್ಲಿ ಈ ತೊಂದರೆ ಸುಮಾರು ಹತ್ತುಪಟ್ಟು ಹೆಚ್ಚಿತ್ತು.

'ನನ್ನದು ರೇಡ್, ಎರಡು ಡಿಸ್ಕಿನಲ್ಲಿ ಎರಡು ಪ್ರತಿ ಇದೆ' ಎಂದು ನಿಶ್ಚಿಂತರಾಗುವವರುಂಟು. ಎರಡು ಪ್ರತಿಗಳು ಬೇರೆಬೇರೆ ಮಾತು ಹೇಳಿದರೆ ಯಾವುದನ್ನು ನಂಬುವುದು? ಲಿನಕ್ಸಿನ ಸಾದಾ ಸಾಫ್ಟ್‌ವೇರ್ ರೇಡ್‌ಗೆ ಅದು ತಿಳಿಯದು. ತಾಳೆ ನೋಡಲು ಹೇಳಿದರೆ ವ್ಯತ್ಯಾಸಗಳನ್ನು ಎಣಿಸಿ ತೋರಿಸುತ್ತದೆ; ಸರಿಪಡಿಸು ಎಂದರೆ ಒಂದರಲ್ಲಿರುವುದನ್ನು ಇನ್ನೊಂದರ ಮೇಲೆ ಕಣ್ಣುಮುಚ್ಚಿ ಬರೆಯುತ್ತದೆ.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಅಹ್ರೆನ್ಸ್ 2001ರಲ್ಲಿ ಶುರುಮಾಡಿದ ಝಡ್‌ಎಫ್‌ಎಸ್ ಕೈಹಾಕಿದ್ದು ಈ ಗಂಟಿಗೇ. ಪ್ರತಿ ಬ್ಲಾಕಿನ ಚೆಕ್‌ಸಮ್ ಅನ್ನು ಅದೇ ಬ್ಲಾಕಿನಲ್ಲಿ ಇಡದೆ, ಅದರ ವಿಳಾಸ ಹಿಡಿದಿರುವ ಮೇಲಿನ ಬ್ಲಾಕಿನಲ್ಲಿ ಇಟ್ಟರು. ಆ ಬ್ಲಾಕಿನದು ಅದರ ಮೇಲಿನದರಲ್ಲಿ. ಹೀಗೆ ಬೇರಿನವರೆಗೆ. ಮಾಹಿತಿ ತನ್ನ ಸತ್ಯಕ್ಕೆ ತಾನೇ ಸಾಕ್ಷಿ ನಿಲ್ಲದಂತೆ ಮಾಡಿದ್ದೇ ಇಲ್ಲಿನ ಜಾಣ್ಮೆ. ಬರೆಯದೆಯೇ ಬರೆದೆ ಎಂದ ಡಿಸ್ಕು ಸಿಕ್ಕಿಬೀಳುವುದು ಇದರಿಂದ. ಸಿಕ್ಕಿಬಿದ್ದರೆ ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯನ್ನು ತಂದು ನಮಗೆ ಕೊಟ್ಟು, ಹಾಳಾದದ್ದನ್ನೂ ತಿದ್ದುತ್ತದೆ. ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು ಆಮೇಲೆ ವಿಳಾಸ ಬದಲಿಸುವ ಕ್ರಮದಿಂದಾಗಿ, ಬರೆಯುವ ಮಧ್ಯೆ ಕರೆಂಟು ಹೋದರೂ ಹಳೆಯ ಸ್ಥಿತಿ ಕೆಡುವುದಿಲ್ಲ. ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. (ಯುಪಿಎಸ್ ಬೇಡವೆಂದು ಇದರರ್ಥವಲ್ಲ.)

ದೋಷಗಳೂ ಇವೆ. ಲೈಸೆನ್ಸಿನ ತಕರಾರಿನಿಂದ ಝಡ್‌ಎಫ್‌ಎಸ್ ಲಿನಕ್ಸ್ ಕರ್ನಲ್‌ನ ಒಳಗಿಲ್ಲ, ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ರೇಡ್-ಝಡ್ ಎಂಬ ಅದರದೇ ರೇಡ್‌ನ ನಾಲ್ಕು ಡಿಸ್ಕಿನ ಗುಂಪಿಗೆ ಐದನೆಯದನ್ನು ಸೇರಿಸಲು ಬಹುಕಾಲ ಆಗುತ್ತಲೇ ಇರಲಿಲ್ಲ. ಆ ಸೌಲಭ್ಯ ಬಂದದ್ದು 2025ರ ಜನವರಿಯ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ. ಟೆರಾಬೈಟಿಗೊಂದು ಗಿಗಾಬೈಟ್ ರ್‍ಯಾಮ್ ಬೇಕೇ ಬೇಕೆಂಬ ಮಾತನ್ನು ಮನೆಯವರು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ರ್‍ಯಾಮ್ ಹೆಚ್ಚಿದ್ದಷ್ಟೂ ಅದು ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಕಡಿಮೆಯಿದ್ದರೆ ಕಡಿಮೆಯಲ್ಲೇ ನಡೆಸುತ್ತದೆ. ಒಂದೇ ಬ್ಲಾಕಿನ ಹಲವು ಪ್ರತಿಗಳನ್ನು ಒಂದಾಗಿಸುವ ಡಿಡ್ಯೂಪ್ ಹಚ್ಚಿದರೆ ಮಾತ್ರ ರ್‍ಯಾಮ್ ಮುಕ್ಕುತ್ತದೆ. ಮನೆಯಲ್ಲಿ ಅದನ್ನು ಹಚ್ಚಬೇಡಿ.

ಬಿಟಿಆರ್‌ಎಫ್‌ಎಸ್ ಇದೇ ವಿಚಾರಗಳನ್ನು ಕರ್ನಲ್‌ನ ಒಳಗೇ ತಂದದ್ದು. ಕ್ರಿಸ್ ಮೇಸನ್ 2007ರಲ್ಲಿ ಆರಂಭಿಸಿದರು, 2009ರಲ್ಲಿ ಕರ್ನಲ್ ಸೇರಿತು. ಇದರ ರೇಡ್-1 ನನಗೆ ಬಹಳ ಇಷ್ಟ. ಪ್ರತಿ ತುಣುಕಿನ ಎರಡು ಪ್ರತಿಗಳು ಯಾವುದಾದರೂ ಎರಡು ಡಿಸ್ಕಿನಲ್ಲಿದ್ದರೆ ಸಾಕು ಎನ್ನುತ್ತದೆ. 8, 4, 4 ಟೆರಾಬೈಟಿನ ಬೇರೆಬೇರೆ ಗಾತ್ರದ ಡಿಸ್ಕುಗಳಿದ್ದರೂ 8 ಟೆರಾಬೈಟ್ ಪೂರ್ತಿ ಬಳಕೆಗೆ ಸಿಗುತ್ತದೆ. ಆದರೆ ಅದರ ರೇಡ್-5, 6ರ ಹತ್ತಿರ ಹೋಗಬೇಡಿ; ಅದನ್ನು ಕಟ್ಟಿದವರೇ ಇಂದಿಗೂ ಬೇಡವೆನ್ನುತ್ತಾರೆ.

ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಗಟ್ಟಿ ಆಸಾಮಿಗಳು. ತಮ್ಮ ಲೆಕ್ಕಪುಸ್ತಕಕ್ಕೆ ಚೆಕ್‌ಸಮ್ ಇಡುತ್ತವೆ, ನಮ್ಮ ಫೋಟೊಗಳಿಗೆ ಇಡುವುದಿಲ್ಲ. ಸಿನಿಮಾ ಸಂಗ್ರಹಕ್ಕೆ ನಾನು ಇವುಗಳನ್ನೇ ಆಯುತ್ತೇನೆ. ಪ್ರತಿ ಡಿಸ್ಕೂ ಸ್ವತಂತ್ರವಾಗಿದ್ದು, ದಿನಕ್ಕೊಮ್ಮೆ ಸ್ನ್ಯಾಪ್‌ರೇಡ್‌ನಂಥ ತಂತ್ರಾಂಶ ಚೆಕ್‌ಸಮ್ಮನ್ನೂ, ಸತ್ತ ಡಿಸ್ಕಿನದನ್ನು ಮತ್ತೆ ಕಟ್ಟಿಕೊಡುವ ಪ್ಯಾರಿಟಿಯನ್ನೂ ಲೆಕ್ಕ ಹಾಕಿ ಬೇರೆ ಡಿಸ್ಕಿನಲ್ಲಿಟ್ಟರೆ ಸಾಕು. ಪ್ಯಾರಿಟಿ ತಾಳುವುದಕ್ಕಿಂತ ಹೆಚ್ಚು ಡಿಸ್ಕುಗಳು ಒಟ್ಟಿಗೆ ಸತ್ತರೂ ಉಳಿದವುಗಳಲ್ಲಿರುವುದು ಉಳಿಯುತ್ತದೆ. ಮತ್ತೆಲ್ಲೂ ಸಿಗದ ಮನೆಯ ಫೋಟೊಗಳಿಗೆ ಮಾತ್ರ ಝಡ್‌ಎಫ್‌ಎಸ್ ಮಿರರ್ (ಎರಡು ಡಿಸ್ಕಿನಲ್ಲಿ ಎರಡು ಪ್ರತಿ), ಜೊತೆಗೆ ಮನೆಯಿಂದ ಹೊರಗೆ ಇನ್ನೊಂದು ಪ್ರತಿ. ಪ್ಯಾರಿಟಿಗಿಂತ ಮಿರರ್ ದುಬಾರಿ, ಅರ್ಧ ಜಾಗ ಹೋಗುತ್ತದೆ. ಆದರೆ ಡಿಸ್ಕ್ ಸತ್ತಾಗ ಜೊತೆಯದೊಂದನ್ನು ಓದಿದರಾಯಿತು. ಪ್ಯಾರಿಟಿಯಲ್ಲಿ ಉಳಿದವುಗಳನ್ನೆಲ್ಲ ಒಂದು ದಿನ ಪೂರ್ತಿ ದುಡಿಸಬೇಕು, ಅವೂ ಅದೇ ವಯಸ್ಸಿನವು.

ಮಾಹಿತಿ ತುಂಬುವ ಮೊದಲು ಒಂದು ಪ್ರಯೋಗ ಮಾಡಿನೋಡಿ. ಹೊಸ ಝಡ್‌ಎಫ್‌ಎಸ್ ಮಿರರಿಗೆ ಹೋದರೆ ಹೋಗಲಿ ಎನ್ನುವಂಥ ಫೋಟೊಗಳನ್ನು ತುಂಬಿ. ಪೂಲನ್ನು, ಅಂದರೆ ಆ ಡಿಸ್ಕುಗಳ ಗುಂಪನ್ನು, ಬಿಚ್ಚಿಟ್ಟು, ಒಂದು ಡಿಸ್ಕಿನ ನಡುಭಾಗದ ಕೆಲವು ಗಿಗಾಬೈಟಿನ ಮೇಲೆ ಡಿಡಿ ಆಜ್ಞೆಯಿಂದ ಕಸ ಬರೆಯಿರಿ. ಮತ್ತೆ ಜೋಡಿಸಿ, ಎಲ್ಲವನ್ನೂ ಓದಿ ತಾಳೆ ನೋಡುವ ಸ್ಕ್ರಬ್ ಓಡಿಸಿ. ಕಸ ಬಿದ್ದದ್ದು ಫೋಟೊ ಇದ್ದ ಜಾಗದ ಮೇಲಾದರೆ ಆ ಡಿಸ್ಕಿನ ಹೆಸರಿನ ಮುಂದೆ ಚೆಕ್‌ಸಮ್ ದೋಷಗಳ ಎಣಿಕೆ ಏರುತ್ತದೆ, ಫೋಟೊಗಳೆಲ್ಲ ನೆಟ್ಟಗೆ ತೆರೆಯುತ್ತವೆ. ಸಾದಾ ರೇಡ್ ಮಿರರಿನ ಮೇಲೂ ಹೀಗೇ ಕಸ ಬರೆದು, ತಾಳೆ ನೋಡಿಸದೆ ಫೋಟೊ ತೆರೆಯಿರಿ: ಅದೇ ಫೋಟೊ ಒಮ್ಮೆ ಸರಿಯಾಗಿ, ಇನ್ನೊಮ್ಮೆ ಅರ್ಧ ಬೂದಿಬಣ್ಣವಾಗಿ ತೆರೆದುಕೊಳ್ಳಬಹುದು. ಎರಡು ಸಲವೂ ಒಂದೇ ಒಂದು ದೋಷದ ಸೂಚನೆ ಬರುವುದಿಲ್ಲ.