ತೆಂಗಿನಕಾಯಿಗೆ ಗುರಿ: ನಿಮ್ಮ .22 ಕೋವಿಗೆ ಒಗ್ಗುವ ತೋಟಾ ಯಾವುದು?

ಕೊಡಗಿನಲ್ಲಿ ನಾಟಿ ಮುಗಿದು ಕೈಲ್‌ಪೊಳ್ದ್ ಬಂತೆಂದರೆ ಕೃಷಿ ಸಲಕರಣೆಗಳ ಜೊತೆ ಕೋವಿಗೂ ತೋಕ್‌ಪೂ ಇಟ್ಟು ಪೂಜೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕಾಯಿ ತಪ್ಪಿದವರೆಲ್ಲ ಹೇಳೋದು ಒಂದೇ: "ಕೋವಿ ಸರಿ ಇಲ್ಲ ಮಾರಾಯ." ಎಷ್ಟೋ ಸಲ ತಪ್ಪು ಕೋವಿಯದ್ದಲ್ಲ, ಅದಕ್ಕೆ ಹೊಂದದ ತೋಟಾದ್ದು.

ಒಂದೇ ಜಾಗಕ್ಕೆ ಗುಂಡು ಬೀಳಬೇಕಾದರೆ ಪ್ರತಿ ಸಲ ಅದರ ವೇಗ ಒಂದೇ ಇರಬೇಕು. ಮದ್ದಿನ ತೂಕ ಚೂರು ಏರುಪೇರಾದರೂ ಗುಂಡು ಮೇಲೆ ಕೆಳಗೆ ಹೋಗುತ್ತೆ. ಅಮೆರಿಕದಲ್ಲಿ ದೊಡ್ಡ ರೈಫಲ್‌ಗಳ ಖಾಲಿ ಹಿತ್ತಾಳೆ ಚಿಪ್ಪಿಗೆ ಮನೆಯಲ್ಲೇ ಮದ್ದು ತೂಗಿ ತುಂಬಿ, ಗುಂಡು ಕೂರಿಸುವ ಆಳವನ್ನೂ ಹೊಂದಿಸಿಕೊಳ್ಳುವವರಿದ್ದಾರೆ. ನಮಗೆ ಆ ದಾರಿ ಇಲ್ಲ. .22 ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನೊಳಗೇ ಇರೋದರಿಂದ ಅದು ಮರುಬಳಕೆಗೆ ಬರಲ್ಲ. ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ತೋಟಾ ತಯಾರಿಸೋದು ಅಪರಾಧ. ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ ತಯಾರಿಕೆಗಲ್ಲ.

ಹಾಗಾಗಿ ನಮ್ಮ ಕೈಯಲ್ಲಿರೋದು ಆಯ್ಕೆ ಮಾತ್ರ. ಅದನ್ನು ಹೀಗೆ ಮಾಡಿ:

1. ಎರಡು ಮೂರು ಬಗೆಯ ತೋಟಾ ತೆಗೆದುಕೊಂಡು ರೈಫಲ್ ಕ್ಲಬ್ಬಿನ 50 ಮೀಟರ್ ರೇಂಜಿಗೆ ಹೋಗಿ. ಕೋವಿಯನ್ನು ಮರಳಿನ ಚೀಲದ ಮೇಲಿಟ್ಟೇ ಹೊಡೆಯಿರಿ.

2. ಬಗೆ ಬದಲಿಸಿದಾಗ ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ. ಹಿಂದಿನ ತೋಟಾದ ಮೇಣ ನಳಿಗೆಯಲ್ಲಿ ಉಳಿದಿರುತ್ತೆ.

3. ಪ್ರತಿ ಬಗೆಗೆ ನಾಲ್ಕು ಕಾಗದ, ಕಾಗದಕ್ಕೆ ಐದು ಗುಂಡು. ತೀರಾ ದೂರ ಇರುವ ಎರಡು ತೂತುಗಳ ನಡುವಿನ ಅಂತರ ಅಳೆದು, ನಾಲ್ಕರ ಸರಾಸರಿ ತೆಗೆಯಿರಿ. ಬೆಳೆ ಪ್ರಯೋಗದಲ್ಲಿ ಒಂದೇ ಮಡಿ ನೋಡಿ ತಳಿ ಒಳ್ಳೇದು ಅಂತೀವಾ? ಇದೂ ಹಾಗೇ. ಚೆನ್ನಾಗಿ ಬಂದ ಒಂದು ಕಾಗದ ಜೇಬಿಗಿಟ್ಟುಕೊಂಡು ಬರಬೇಡಿ.

4. ತೂತುಗಳು ಒತ್ತಾಗಿವೆಯಾ ಅಂತ ಮಾತ್ರ ನೋಡಿ. ನಡುವಿಗೆ ಬಿದ್ದಿಲ್ಲ ಅಂದರೆ ಚಿಂತೆ ಬೇಡ, ಅದನ್ನು ಆಮೇಲೆ ಸೈಟ್ ತಿರುಗಿಸಿ ಸರಿಮಾಡಬಹುದು. ಚದುರಿದ್ದನ್ನು ಸೈಟ್ ಸರಿಮಾಡಲ್ಲ.

5. ಗೆದ್ದ ತೋಟಾದ ಡಬ್ಬಿ ಮೇಲಿನ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ಅದೇ ಕಂಪನಿಯದ್ದಾದರೂ ಬೇರೆ ಲಾಟ್ ಬೇರೆ ಥರ ಹೊಡೆಯಬಹುದು.

ವೇಗ ಜಾಸ್ತಿ ಇದ್ದರೆ ಗುರಿ ಚೆನ್ನ ಅನ್ನೋದು ತಪ್ಪು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ಅದಕ್ಕಿಂತ ಕೆಳಗಿಳಿಯುವಾಗ ಅಲುಗಾಡುತ್ತೆ. ಸ್ಪರ್ಧೆಯವರು ಸಾಧಾರಣ ವೇಗದ್ದನ್ನೇ ಬಳಸೋದು ಅದಕ್ಕೇ.

ಕೊನೆಯದಾಗಿ, .22 ಗುಂಡು ಚಿಕ್ಕದು ಅಂತ ಸಸಾರ ಬೇಡ. ಅದು ಒಂದೂವರೆ ಕಿಲೋಮೀಟರ್ ದಾಟಬಲ್ಲದು. ಮರದ ತುದಿಗೆ ಕಾಯಿ ಕಟ್ಟಿ ಹೊಡೆದರೆ ತಪ್ಪಿದ ಗುಂಡು ಎಲ್ಲಿ ಇಳಿಯುತ್ತೆ? ಕಾಫಿ ಗಿಡಗಳ ಮಧ್ಯೆ ಬಗ್ಗಿ ಕಳೆ ತೆಗೆಯುವವರು ನಮಗೆ ಕಾಣೋದೇ ಇಲ್ಲ. ಕಾಯಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ ಜಾಗವನ್ನೇ ಆರಿಸಿ, ಪಕ್ಕದ ತೋಟದವರಿಗೆ ಹಿಂದಿನ ದಿನವೇ ಹೇಳಿಬಿಡಿ.